ಪದದ ಅರ್ಥ, ಪದದ ಕೆಲಸ: ಇಂಗ್ಲಿಷ್ ಪದವರ್ಗಗಳು ಮತ್ತು ಕನ್ನಡದ ಮಕ್ಕಳು



 ಭಾಷೆಯನ್ನು ಕಲಿಸುವವರಿಗಾಗಿಯೇ ಮೀಸಲಾದ ಈ ಉಪನ್ಯಾಸದಲ್ಲಿ ನಾನು ಎತ್ತಿಕೊಂಡಿರುವ ವಿಷಯ ಇಂಗ್ಲಿಷ್ ಪದಸಂಪತ್ತು. ಅದರಲ್ಲೂ ನಾವೆಲ್ಲ ಶಾಲೆಯಲ್ಲಿ ಪಾರ್ಟ್ಸ್ ಆಫ್ ಸ್ಪೀಚ್ ಎಂದು ಬಾಯಿಪಾಠ ಮಾಡಿದ ಎಂಟು ಪದವರ್ಗಗಳು. ಇದು ತೀರಾ ಪ್ರಾಥಮಿಕ ವಿಷಯವಲ್ಲವೇ ಎಂದು ಕೆಲವರಿಗೆ ಅನ್ನಿಸಬಹುದು. ಪ್ರಾಥಮಿಕ ಹೌದು. ಆದರೆ ನಮ್ಮ ಮಕ್ಕಳ ಇಂಗ್ಲಿಷ್ ಎಡವುವುದು ಬಹುಪಾಲು ಇಲ್ಲಿಯೇ ಎಂಬುದು ಹಲವು ವರ್ಷ ಪಾಠ ಹೇಳಿದ ಮೇಲೆ ನನಗೆ ಗಟ್ಟಿಯಾಗಿರುವ ಅಭಿಪ್ರಾಯ.

ಏಳನೆಯ, ಎಂಟನೆಯ ತರಗತಿಯ ಯಾವುದೇ ಮಗುವಿನ ಪದಾರ್ಥದ ನೋಟ್‌ಬುಕ್ ತೆರೆದು ನೋಡಿ. ಪುಟದ ನಡುವೆ ಸ್ಕೇಲಿಟ್ಟು ಎಳೆದ ಗೆರೆ, ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡದ ಅರ್ಥ. ಸಕ್ಸಸ್ ಎಂಬುದರ ಎದುರಿಗೆ ‘ಯಶಸ್ಸು’. ಮುಂದಿನ ಪಾಠದಲ್ಲಿ ಸಕ್ಸೀಡ್ ಬರುತ್ತದೆ, ಅದರ ಎದುರಿಗೂ ‘ಯಶಸ್ಸು’. ಇನ್ನೆರಡು ಪುಟ ತಿರುವಿದರೆ ಸಕ್ಸಸ್‌ಫುಲ್, ಅದಕ್ಕೂ ‘ಯಶಸ್ಸು’. ಮೂರು ಪದಗಳನ್ನೂ ಮಗು ಶ್ರದ್ಧೆಯಿಂದ ಕಲಿತಿದೆ, ಅರ್ಥ ಕೇಳಿದರೆ ತಡವರಿಸದೆ ಹೇಳುತ್ತದೆ. ವಾಕ್ಯ ಬರೆಯಲು ಹೇಳಿದರೆ ಮಾತ್ರ ‘ಹಿ ಈಸ್ ಸಕ್ಸಸ್ ಇನ್ ಹಿಸ್ ಲೈಫ್’ ಎಂದು ಬರೆಯುತ್ತದೆ. ಪದ ಗೊತ್ತು, ಅರ್ಥವೂ ಗೊತ್ತು. ಆ ಪದ ವಾಕ್ಯದೊಳಗೆ ಮಾಡುವ ಕೆಲಸ ಯಾವುದೆಂದು ಯಾರೂ ಹೇಳಿಕೊಟ್ಟಿಲ್ಲ. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಶುರುವಾಗುತ್ತದೆ. ಅಂದರೆ ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ಮಗು ಹತ್ತು ವರ್ಷ ಪದಗಳನ್ನು ಕೂಡಿಟ್ಟಿರುತ್ತದೆ. ಆ ಹತ್ತು ವರ್ಷದ ಗಳಿಕೆ ವಾಕ್ಯವಾಗಿ ಹೊರಬರಬೇಕಾದರೆ ಅರ್ಥದ ಜೊತೆ ಕೆಲಸವನ್ನೂ ಕಲಿಸಬೇಕು. ನನ್ನ ಮಾತಿನ ತಿರುಳು ಇಷ್ಟೇ.

ಇದನ್ನು ಹೀಗೆ ಬಿಡಿಸಲು ಉದ್ದೇಶಿಸಿದ್ದೇನೆ. ಮೊದಲು ಈ ಎಂಟು ವರ್ಗಗಳು ಎಲ್ಲಿಂದ ಬಂದುವು ಎಂಬುದನ್ನು ಚುಟುಕಾಗಿ ನೋಡೋಣ. ಆಮೇಲೆ ಒಂದು ಪದದ ವರ್ಗವನ್ನು ಇಂಗ್ಲಿಷ್ ಹೇಗೆ ಗುರುತಿಸುತ್ತದೆ, ಕನ್ನಡ ಹೇಗೆ ಗುರುತಿಸುತ್ತದೆ ಎಂಬುದನ್ನು. ಬಳಿಕ ಕನ್ನಡಕ್ಕೆ ಬಂದ ಇಂಗ್ಲಿಷ್ ಪದಗಳ ಗತಿ. ಕೊನೆಗೆ ತರಗತಿಯ ಮಾತು.

ಎಂಟು ಎಂಬ ಸಂಖ್ಯೆ ಇಂಗ್ಲಿಷಿನದಲ್ಲ, ಗ್ರೀಕರದು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಅಲೆಕ್ಸಾಂಡ್ರಿಯದ ವ್ಯಾಕರಣಕಾರ ಡಯೊನೀಸಿಯಸ್ ಥ್ರಾಕ್ಸ್‌ನ ಹೆಸರಿನಲ್ಲಿ ಉಳಿದುಬಂದಿರುವ ಪುಟ್ಟ ವ್ಯಾಕರಣದಲ್ಲಿ ಎಂಟು ವರ್ಗಗಳಿವೆ. ಅವುಗಳಲ್ಲಿ ಆರ್ಟಿಕಲ್ ಒಂದು. ಲ್ಯಾಟಿನ್ ಭಾಷೆಯಲ್ಲಿ ಆರ್ಟಿಕಲ್ ಇರಲಿಲ್ಲ. ಆದರೂ ಎಂಟರ ಲೆಕ್ಕ ಕೆಡಬಾರದೆಂದು ರೋಮನರು ಅದರ ಜಾಗದಲ್ಲಿ ಇಂಟರ್ಜೆಕ್ಷನ್ ಸೇರಿಸಿಕೊಂಡರು. ಕ್ರಿ.ಶ. 1000ದ ಸುಮಾರಿನಲ್ಲಿ ಆಲ್ಫ್ರಿಕ್ ಎಂಬ ಸನ್ಯಾಸಿ ಲ್ಯಾಟಿನ್ ವ್ಯಾಕರಣವನ್ನು ಹಳೆಯ ಇಂಗ್ಲಿಷಿನಲ್ಲಿ ವಿವರಿಸಿದ. 1586ರಲ್ಲಿ ವಿಲಿಯಂ ಬುಲ್ಲೊಕರ್ ಇಂಗ್ಲಿಷಿನ ಮೊದಲ ವ್ಯಾಕರಣವನ್ನು ಅಚ್ಚು ಹಾಕಿಸಿದಾಗಲೂ ಅಚ್ಚು ಲ್ಯಾಟಿನ್ನಿನದೇ. ಇಲ್ಲೊಂದು ಸ್ವಾರಸ್ಯವಿದೆ. ಬಹುಕಾಲ ಅಡ್ಜೆಕ್ಟಿವ್ ಸ್ವತಂತ್ರ ವರ್ಗವೇ ಆಗಿರಲಿಲ್ಲ, ಅದನ್ನು ನೌನ್‌ನ ಒಂದು ಬಗೆಯೆಂದೇ ಎಣಿಸುತ್ತಿದ್ದರು. ಅದಕ್ಕೆ ಬೇರೆ ಮನೆ ಸಿಕ್ಕಿದ್ದು ಹದಿನೆಂಟನೆಯ ಶತಮಾನದಲ್ಲಿ. ಆಮ್ಲಜನಕದ ಶೋಧಕ್ಕೆ ಹೆಸರಾದ ಜೋಸೆಫ್ ಪ್ರೀಸ್ಟ್‌ಲಿಯೇ 1761ರ ತನ್ನ ವ್ಯಾಕರಣದಲ್ಲಿ ನಾವು ಇಂದು ಹೇಳುವ ಎಂಟನ್ನು ಪಟ್ಟಿ ಮಾಡಿದ. 1795ರಲ್ಲಿ ಲಿಂಡ್ಲಿ ಮರ್ರೆ ಆರ್ಟಿಕಲ್ ಅನ್ನು ಪ್ರತ್ಯೇಕಿಸಿ ಒಂಬತ್ತು ಮಾಡಿದ. ನಮ್ಮ ದೇಶದ ಮಕ್ಕಳಿಗೆ ನೆಸ್ಫೀಲ್ಡ್, ಆಮೇಲೆ ರೆನ್ ಮತ್ತು ಮಾರ್ಟಿನ್ ಅವರ ಪುಸ್ತಕಗಳ ಮೂಲಕ ಬಂದದ್ದು ಇದೇ ಪರಂಪರೆ.

ನಮ್ಮ ಕಡೆಯ ಲೆಕ್ಕ ಬೇರೆ. ಯಾಸ್ಕನ ನಿರುಕ್ತದಲ್ಲಿ ನಾಮ, ಆಖ್ಯಾತ, ಉಪಸರ್ಗ, ನಿಪಾತ ಎಂದು ನಾಲ್ಕು. ಪಾಣಿನಿಗೆ ಸುಬಂತ, ತಿಙಂತ ಎಂದು ಎರಡೇ ಸಾಕು. ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ನಾಮ, ಆಖ್ಯಾತ, ಧಾತು, ಅವ್ಯಯಗಳಿಗೆ ಪ್ರತ್ಯೇಕ ಪ್ರಕರಣಗಳನ್ನೇ ಮೀಸಲಿಟ್ಟ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಚಾರ್ಲ್ಸ್ ಫ್ರೈಸ್ ಇಂಗ್ಲಿಷಿನ ಹಳೆಯ ಪಟ್ಟಿಯನ್ನು ಪಕ್ಕಕ್ಕಿಟ್ಟು, ಸುಮಾರು 50 ಗಂಟೆಗಳ ಟೆಲಿಫೋನ್ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು ವಿಶ್ಲೇಷಿಸಿದರು. 1952ರ ಅವರ ಪುಸ್ತಕದಲ್ಲಿ ನಾಲ್ಕು ದೊಡ್ಡ ವರ್ಗಗಳು, 15 ಸಣ್ಣ ಗುಂಪುಗಳು. ಇದರಿಂದ ಶಿಕ್ಷಕರು ತಿಳಿಯಬೇಕಾದ್ದು, ಎಂಟು ಎಂಬುದು ಪ್ರಕೃತಿನಿಯಮವಲ್ಲ. ಎಂಟರ ವ್ಯಾಖ್ಯೆಗಳನ್ನು ಒಪ್ಪಿಸಿದ ಮಗುವಿಗೆ ಇಂಗ್ಲಿಷ್ ಬಂತು ಎಂದು ತಿಳಿಯುವುದೂ ಸರಿಯಲ್ಲ. ‘ವ್ಯಕ್ತಿ, ಸ್ಥಳ, ವಸ್ತುಗಳ ಹೆಸರೇ ನಾಮಪದ’ ಎಂಬ ವ್ಯಾಖ್ಯೆಯನ್ನೇ ತೆಗೆದುಕೊಳ್ಳಿ. ಓಟ ಎಂಬುದು ವ್ಯಕ್ತಿಯಲ್ಲ, ಸ್ಥಳವಲ್ಲ, ವಸ್ತುವೂ ಅಲ್ಲ, ಅದೊಂದು ಕ್ರಿಯೆ. ಆದರೂ ನಾಮಪದ. ಹಾಗಾದರೆ ಒಂದು ಪದದ ವರ್ಗವನ್ನು ನಿರ್ಧರಿಸುವುದು ಯಾವುದು?

ಈ ಪ್ರಶ್ನೆಯೊಂದಿಗೆ ಎರಡನೆಯ ಭಾಗಕ್ಕೆ ಬರುತ್ತೇನೆ. ಇದು ನನಗೆ ಬಹಳ ಪ್ರಿಯವಾದ ಭಾಗ, ಸ್ವಲ್ಪ ನಿಧಾನವಾಗಿ ಹೋಗೋಣ.

‘ಮೂರು ಗಿಬ್ಬುಗಳು ಸಟ್ಟೆಯೊಳಗೆ ಮೆಳಕುತ್ತಿದ್ದವು’ ಎಂದು ಹೇಳುತ್ತೇನೆ. ಗಿಬ್ಬು ಎಂದರೇನೋ, ಸಟ್ಟೆ ಎಂದರೇನೋ, ಮೆಳಕುವುದು ಹೇಗೋ ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಈಗ ಹುಟ್ಟಿಸಿದ ಪದಗಳು. ಆದರೂ ಗಿಬ್ಬು ನಾಮಪದ, ಮೆಳಕು ಕ್ರಿಯಾಪದ ಎಂದು ನಾಲ್ಕನೆಯ ತರಗತಿಯ ಮಗು ಕೂಡ ಹೇಳುತ್ತದೆ. ‘ಗಳು’, ‘ಒಳಗೆ’, ‘ಉತ್ತಿದ್ದವು’ ಅಷ್ಟನ್ನೂ ಹೇಳಿಬಿಟ್ಟಿವೆ. ಲೂಯಿಸ್ ಕ್ಯಾರಲ್ 1871ರಲ್ಲಿ ಇಂಗ್ಲಿಷಿನಲ್ಲಿ ಇಂಥದೇ ಅರ್ಥವಿಲ್ಲದ ಪದಗಳ ಜಬ್ಬರ್‌ವಾಕಿ ಪದ್ಯವನ್ನು ಪ್ರಕಟಿಸಿದ. ಅಲ್ಲಿಯೂ ಯಾವುದು ನಾಮ, ಯಾವುದು ಕ್ರಿಯೆ ಎಂಬುದು ಓದುಗನಿಗೆ ಗೊತ್ತಾಗುತ್ತದೆ. ಪದದ ವರ್ಗವನ್ನು ತಿಳಿಯಲು ಅರ್ಥವೇ ಬೇಕೆಂದಿಲ್ಲ.

ವ್ಯತ್ಯಾಸವಿರುವುದು ಗುರುತಿನಲ್ಲಿ. ಕನ್ನಡದ ಪದ ತನ್ನ ಗುರುತನ್ನು ಪ್ರತ್ಯಯದಲ್ಲಿ ಇಟ್ಟುಕೊಂಡಿದೆ. ಇಂಗ್ಲಿಷ್ ಪದ ಬಹುಮಟ್ಟಿಗೆ ವಾಕ್ಯದಲ್ಲಿ ತಾನು ನಿಂತ ಜಾಗದಿಂದ ಗುರುತನ್ನು ಪಡೆಯುತ್ತದೆ. ಕೆಮ್ಮು, ಸೀನು, ಬೆವರು ಈ ಮೂರನ್ನು ನೋಡಿ. ಮೂರೂ ಕನ್ನಡದಲ್ಲಿ ನಾಮಪದವೂ ಹೌದು, ಕ್ರಿಯಾಧಾತುವೂ ಹೌದು. ‘ಕೆಮ್ಮಿಗೆ ಔಷಧಿ’ ಎಂದರೆ ನಾಮ, ‘ಕೆಮ್ಮಿದ’ ಎಂದರೆ ಕ್ರಿಯೆ. ಇಂಗ್ಲಿಷಿನ ಕಾಫ್, ಸ್ನೀಜ್, ಸ್ವೆಟ್ ಕೂಡ ಹಾಗೆಯೇ, ಎರಡೂ ಕಡೆ ದುಡಿಯುತ್ತವೆ. ಆದರೆ ಅಲ್ಲಿ ‘ಐ ಹ್ಯಾವ್ ಎ ಕಾಫ್’ ಎಂಬಲ್ಲಿನ ಕಾಫ್‌ಗೂ ‘ಐ ಕಾಫ್ ಅಟ್ ನೈಟ್’ ಎಂಬಲ್ಲಿನ ಕಾಫ್‌ಗೂ ರೂಪದಲ್ಲಿ ಎಳ್ಳಷ್ಟೂ ಭೇದವಿಲ್ಲ. ಹಿಂದೆ ‘ಎ’ ಬಂದರೆ ನಾಮ, ಕರ್ತೃವಿನ ಬೆನ್ನಿಗೇ ಬಂದರೆ ಕ್ರಿಯೆ. ನಡೆ, ನುಡಿ, ಬೆಳೆ, ಕಟ್ಟು, ಸುತ್ತು, ಹಾಡು ಎಂಬ ನಮ್ಮ ಪದಗಳನ್ನು ತೋರಿಸಿ ಕಲಿಸಿದರೆ ಒಂದೇ ಪದ ಎರಡು ಕೆಲಸ ಮಾಡುವ ಸಂಗತಿ ಕನ್ನಡದ ಮಗುವಿಗೆ ಹೊಸದೆನಿಸುವುದಿಲ್ಲ.

ಇಂಗ್ಲಿಷ್ ಹೀಗೇಕಾಯಿತು? ಅದೂ ಒಂದು ಕಾಲಕ್ಕೆ ನಮ್ಮಂತೆಯೇ ಪ್ರತ್ಯಯಗಳ ಭಾಷೆಯಾಗಿತ್ತು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಪ್ರೀತಿ ಎಂಬುದು ಲುವು, ಪ್ರೀತಿಸು ಎಂಬುದು ಲುವಿಯನ್. ಕೊನೆಯ ಅಕ್ಷರಗಳು ಕ್ರಮೇಣ ಸವೆದುವು. ಕವಿ ಚಾಸರ್ ತೀರಿಕೊಂಡ 1400ರ ಹೊತ್ತಿಗೆ ಪದಾಂತ್ಯದ ಸ್ವರವೂ ಮಾತಿನಲ್ಲಿ ಅಳಿಯುತ್ತಿತ್ತು. ಬಾಲ ಉದುರಿದ ಮೇಲೆ ಎರಡಕ್ಕೂ ಉಳಿದದ್ದು ಒಂದೇ ಲವ್. ಅಂದಿನಿಂದ ಯಾವ ನಾಮಪದವನ್ನು ಬೇಕಾದರೂ ಕ್ರಿಯಾಪದದ ಜಾಗದಲ್ಲಿ ನಿಲ್ಲಿಸುವ ಸ್ವಾತಂತ್ರ್ಯ ಆ ಭಾಷೆಗೆ ದಕ್ಕಿತು. ಈ ಸ್ವಾತಂತ್ರ್ಯವನ್ನು ಎಲ್ಲರೂ ಸ್ವಾಗತಿಸಲಿಲ್ಲ. 1789ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ನಿಘಂಟುಕಾರ ನೋವಾ ವೆಬ್‌ಸ್ಟರ್‌ನಿಗೆ ಪತ್ರ ಬರೆದು, ನೋಟಿಸ್, ಅಡ್ವೊಕೇಟ್, ಪ್ರೋಗ್ರೆಸ್ ಎಂಬ ನಾಮಪದಗಳನ್ನು ಜನ ಕ್ರಿಯಾಪದಗಳಾಗಿ ಬಳಸುತ್ತಿದ್ದಾರೆಂದು ಆಕ್ಷೇಪಿಸಿದ. ಇಂದು ಆ ಮೂರನ್ನೂ ಕ್ರಿಯಾಪದವಾಗಿ ಬಳಸಲು ಯಾರೂ ಹಿಂಜರಿಯುವುದಿಲ್ಲ. ಒಂದು ಕಂಪನಿಯ ಹೆಸರಾದ ಗೂಗಲ್ 2006ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೆ ಕ್ರಿಯಾಪದವಾಗಿ ಸೇರಿತು.

ಅಳಿದ ಪ್ರತ್ಯಯಗಳು ಕೆಲವೆಡೆ ಹೆಜ್ಜೆಗುರುತು ಬಿಟ್ಟು ಹೋಗಿವೆ. ಯೂಸ್ ಎಂಬ ಪದವನ್ನು ನಾಮವಾಗಿ ಹೇಳುವಾಗ ಕೊನೆಯ ಧ್ವನಿ ‘ಸ್’, ಕ್ರಿಯೆಯಾಗಿ ಹೇಳುವಾಗ ‘ಜ಼್’. ಹೌಸ್ ಕೂಡ ಹಾಗೆ. ಮನೆ ಎನ್ನುವಾಗ ಹೌಸ್, ವಸತಿ ಕೊಡು ಎನ್ನುವಾಗ ಹೌಜ಼್. ಬಿಲೀಫ್ ನಾಮ, ಬಿಲೀವ್ ಕ್ರಿಯೆ. ಅಡ್ವೈಸ್ ನಾಮ, ಅಡ್ವೈಜ಼್ ಕ್ರಿಯೆ. ಹೌಸ್‌ನಂಥ ಪದಗಳಲ್ಲಿ ಕಾರಣ ಸ್ಪಷ್ಟವಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ‘ಸ’ ಮೃದುವಾಗುತ್ತಿತ್ತು. ನಾಮಪದದಲ್ಲಿ ಅದು ಕೊನೆಯಲ್ಲಿತ್ತು, ಹಾಗೇ ಉಳಿಯಿತು. ಕ್ರಿಯಾಪದದಲ್ಲಿ ಮುಂದೆ ಪ್ರತ್ಯಯವಿತ್ತು, ಮೃದುವಾಯಿತು. ಪ್ರತ್ಯಯ ಹೋದರೂ ಮೃದುತ್ವ ಉಳಿಯಿತು. ಬೇರೆ ಪದಗಳು ಇದೇ ಜಾಡು ಹಿಡಿದುವು. ಕನ್ನಡದಲ್ಲಿಯೂ ವ್ಯಂಜನ ಬದಲಾಗಿ ವರ್ಗ ಬದಲಾಗುವುದುಂಟು. ಆಡು–ಆಟ, ಓಡು–ಓಟ, ನೋಡು–ನೋಟ, ಕೂಡು–ಕೂಟ, ಕಾಡು–ಕಾಟ. ಅಲ್ಲಿ ‘ಸ’, ‘ಜ಼’. ಇಲ್ಲಿ ‘ಟ’, ‘ಡ’. ಎರಡು ಕಡೆಯೂ ಕ್ರಿಯಾಪದದ್ದೇ ಮೃದುವಾದ ವ್ಯಂಜನ. ಎರಡು ಭಾಷೆಗಳಿಗೂ ನೆಂಟಸ್ತಿಕೆ ಇಲ್ಲ, ಕಾರಣಗಳೂ ಬೇರೆ ಬೇರೆ. ಆದರೂ ತರಗತಿಯಲ್ಲಿ ಇವೆರಡನ್ನು ಅಕ್ಕಪಕ್ಕ ಬರೆದು ತೋರಿಸಿದಾಗ ಮಕ್ಕಳ ಕಣ್ಣು ಅರಳುವುದನ್ನು ನಾನು ಕಂಡಿದ್ದೇನೆ.

ಒತ್ತಿನ ವಿಷಯವೂ ಇದೆ. ರೆಕಾರ್ಡ್, ಪರ್ಮಿಟ್, ಆಬ್ಜೆಕ್ಟ್, ಕಂಡಕ್ಟ್ ಇವು ನಾಮವಾದಾಗ ಮೊದಲ ಅಕ್ಷರಕ್ಕೆ ಒತ್ತು, ಕ್ರಿಯೆಯಾದಾಗ ಎರಡನೆಯದಕ್ಕೆ. ನಮ್ಮ ಭಾಷೆಯಲ್ಲಿ ಒತ್ತಿನಿಂದ ಪದಭೇದ ಆಗುವುದಿಲ್ಲವಾದ್ದರಿಂದ ಎರಡನ್ನೂ ನಾವು ಒಂದೇ ರೀತಿ ಹೇಳುತ್ತೇವೆ. ಇದು ಕಿವಿಯ ಅಭ್ಯಾಸ, ಬೋರ್ಡಿನ ಮೇಲೆ ಬರೆದು ಕಲಿಸಲಾಗದು.

ಇನ್ನು ‘ಲಿ’ ಪ್ರತ್ಯಯ. ಅಡ್ಜೆಕ್ಟಿವ್‌ಗೆ ‘ಲಿ’ ಹಚ್ಚಿದರೆ ಅಡ್ವರ್ಬ್ ಎಂಬ ಸೂತ್ರವನ್ನು ನಾವೆಲ್ಲ ಕಲಿಸುತ್ತೇವೆ. ಹಾಗಿದ್ದರೆ ಫಾಸ್ಟ್ ಏಕೆ ಫಾಸ್ಟ್‌ಲಿ ಆಗುವುದಿಲ್ಲ, ಫ್ರೆಂಡ್‌ಲಿ ಏಕೆ ಅಡ್ಜೆಕ್ಟಿವ್ ಎಂದು ಮಗು ಕೇಳಿದರೆ ‘ಅದು ಎಕ್ಸೆಪ್ಷನ್’ ಎಂದು ಬಾಯಿ ಮುಚ್ಚಿಸಬಾರದು. ಉತ್ತರವಿದೆ. ಹಿಂದೆ ಅಡ್ವರ್ಬ್‌ನ ಒಂದು ಗುರುತು ಕೊನೆಯ ‘ಎ’ ಸ್ವರ. ಫಾಸ್ಟ್, ಹಾರ್ಡ್ ಇವುಗಳಿಗೆ ಆ ಸ್ವರವಿತ್ತು, ಸವೆದುಹೋಯಿತು, ಅಡ್ಜೆಕ್ಟಿವ್‌ನ ರೂಪವೇ ಎರಡಕ್ಕೂ ಉಳಿಯಿತು. ಇತ್ತ ‘ಲಿ’ ಎಂಬುದು ಮೂಲದಲ್ಲಿ ‘ಆ ತೆರನಾದ’ ಎಂಬ ಅರ್ಥದ ಪ್ರತ್ಯಯ, ಅಡ್ಜೆಕ್ಟಿವ್‌ಗಳನ್ನೂ ಹುಟ್ಟಿಸುತ್ತಿತ್ತು. ಫ್ರೆಂಡ್‌ಲಿ ಆ ಕಾಲದ ಉಳಿಕೆ. ಹಾರ್ಡ್‌ಲಿ ಎಂಬುದು ಬೇರೆಯೇ ಅರ್ಥಕ್ಕೆ ಹೊರಳಿತು. ಕೆಲಸದ ಅರ್ಜಿಯಲ್ಲಿ ‘ಐ ವರ್ಕ್ ಹಾರ್ಡ್’ ಎನ್ನಬೇಕಾದವರು ‘ಐ ಹಾರ್ಡ್‌ಲಿ ವರ್ಕ್’ ಎಂದು ಬರೆದರೆ ನಾನು ಕೆಲಸವನ್ನೇ ಮಾಡುವುದಿಲ್ಲ ಎಂದು ಹೇಳಿಕೊಂಡಂತೆ. ಸೂತ್ರವನ್ನು ನಂಬಿ ಬರೆದ ಆ ಹುಡುಗ ಹುಡುಗಿಯರ ತಪ್ಪೇನೂ ಇಲ್ಲ.

ಇನ್ನೊಂದು ತೊಡಕನ್ನು ಮುಟ್ಟಿ ಮುಂದಕ್ಕೆ ಹೋಗುತ್ತೇನೆ. ಇಂಗ್ಲಿಷಿನಲ್ಲಿ ಎಷ್ಟೋ ಕಡೆ ನಾಮಪದಕ್ಕೂ ಅದರ ವಿಶೇಷಣಕ್ಕೂ ಮುಖಚಹರೆಯೇ ಹೊಂದುವುದಿಲ್ಲ. ಟೂತ್ ಹಲ್ಲು, ಡೆಂಟಲ್ ಹಲ್ಲಿನ. ಸನ್ ಸೂರ್ಯ, ಸೋಲಾರ್ ಸೂರ್ಯನ. ಮೌತ್ ಬಾಯಿ, ಓರಲ್ ಬಾಯಿಯ. ನಾಮಪದ ಮನೆಮಾತಿನದು, ವಿಶೇಷಣ ಲ್ಯಾಟಿನ್ನಿಂದ ಬಂದದ್ದು. ಇದನ್ನು ಕಲಿಸುವಾಗ ಕನ್ನಡವೇ ನಮ್ಮ ಕೈಹಿಡಿಯುತ್ತದೆ. ನಮಗೂ ಹಲ್ಲು ನೋಯುತ್ತದೆ, ಹೋಗುವುದು ದಂತವೈದ್ಯರ ಬಳಿಗೆ. ಕಣ್ಣು ಮಂಜಾಗುತ್ತದೆ, ಆಗುವುದು ನೇತ್ರ ಚಿಕಿತ್ಸೆ. ಬಾಯಲ್ಲಿ ಉತ್ತರಿಸುತ್ತೇವೆ, ಪರೀಕ್ಷೆ ಮಾತ್ರ ಮೌಖಿಕ. ನಮಗೆ ಸಂಸ್ಕೃತ ಮಾಡಿದ ಕೆಲಸವನ್ನು ಅವರಿಗೆ ಲ್ಯಾಟಿನ್ ಮಾಡಿದೆ.

ಈಗ ಮೂರನೆಯ ವಿಷಯಕ್ಕೆ ಬರೋಣ. ಕನ್ನಡದೊಳಗೆ ಬಂದ ಇಂಗ್ಲಿಷ್ ಪದಗಳು.

ಪ್ರೊ. ಜಿ. ವೆಂಕಟಸುಬ್ಬಯ್ಯನವರು ಎರವಲು ಪದಕೋಶವನ್ನೇ ಸಿದ್ಧಪಡಿಸಿದರು. ಎರವಲು ತರುವುದು ಭಾಷೆಗೆ ಅವಮಾನವಲ್ಲ ಎಂಬುದನ್ನು ನಾವು ಒಪ್ಪಿಕೊಂಡು ಬಹಳ ಕಾಲವಾಯಿತು. ನನ್ನ ಕುತೂಹಲವಿರುವುದು ಬಂದ ಪದದ ವರ್ಗ ಏನಾಯಿತು ಎಂಬುದರಲ್ಲಿ. ನಾಮಪದಗಳು ಸಲೀಸಾಗಿ ಬಂದುವು. ಬಸ್ಸು, ಪೆನ್ನು, ಕಾರು ಎಂದು ಉಕಾರ ಹಚ್ಚಿ, ಬಸ್ಸಿಗೆ, ಪೆನ್ನಿನಿಂದ, ಕಾರಿನಲ್ಲಿ ಎಂದು ವಿಭಕ್ತಿ ಹಚ್ಚಿ ನಮ್ಮವಾಗಿಸಿಕೊಂಡೆವು. ಕ್ರಿಯಾಪದಗಳಿಗೆ ಹಾಗಲ್ಲ. ಡ್ರೈವ್ ಎಂಬುದಕ್ಕೆ ನೇರವಾಗಿ ಕಾಲಪ್ರತ್ಯಯ ಹಚ್ಚಿ ‘ಡ್ರೈವಿದನು’ ಎಂದು ಯಾರೂ ಹೇಳಲಿಲ್ಲ. ಸಂಸ್ಕೃತದ ಭಾವಕ್ಕೆ ‘ಇಸು’ ಹಚ್ಚಿ ಭಾವಿಸು ಮಾಡಿಕೊಂಡಂತೆ ‘ಕ್ಲಿಕ್ಕಿಸು’ ಎಂದು ಪತ್ರಿಕೆಗಳು ಬರೆಯುತ್ತವೆ, ಅದು ಅಪರೂಪ. ಎಲ್ಲ ಕಡೆ ಕೈಗೆ ಸಿಕ್ಕಿದ್ದು ಮಾಡು ಮತ್ತು ಆಗು. ಡ್ರೈವ್ ಮಾಡು, ಫೋನ್ ಮಾಡು, ಅಡ್ಜಸ್ಟ್ ಮಾಡಿಕೊಳ್ಳಿ, ಮಿಸ್ ಆಯಿತು, ಲೇಟ್ ಆಯಿತು, ಬೋರ್ ಆಗುತ್ತಿದೆ. ವಿಶೇಷಣ ಬೇಕಾದರೆ ‘ಆದ’, ಕ್ರಿಯಾವಿಶೇಷಣ ಬೇಕಾದರೆ ‘ಆಗಿ’. ಫ್ರೆಶ್ಶಾದ ತರಕಾರಿ, ಸ್ಪೀಡಾಗಿ ಹೋಗು. ಸ್ಪೀಡ್ ಇಂಗ್ಲಿಷಿನಲ್ಲಿ ನಾಮಪದವೋ ವಿಶೇಷಣವೋ ಎಂದು ನಾವು ವಿಚಾರಿಸುವುದಿಲ್ಲ, ವಿಚಾರಿಸಬೇಕಾಗಿಯೂ ಇಲ್ಲ. ಹಾಗೆಯೇ ಡಿಸೈಡ್ ಮಾಡು ಎಂದರೂ ಸರಿ, ಡಿಸಿಷನ್ ಮಾಡು ಎಂದರೂ ಸರಿ. ಮೊದಲನೆಯದು ಅಲ್ಲಿ ಕ್ರಿಯೆ, ಎರಡನೆಯದು ನಾಮ. ಇಲ್ಲಿ ಎರಡೂ ಮಾಡು ಎಂಬುದರ ಹಿಂದೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಇದು ಕನ್ನಡದ ಶಕ್ತಿ ಎಂದೇ ನಾನು ತಿಳಿಯುತ್ತೇನೆ. ಯಾವ ಭಾಷೆಯ ಯಾವ ಪದ ಬಂದರೂ ಅದರ ಮೂಲವರ್ಗವನ್ನು ಕೇಳದೆ ವಾಕ್ಯಕ್ಕೆ ಸೇರಿಸಿಕೊಳ್ಳುವ ಕಸುವು ಅದು. ಕಷ್ಟ ಬರುವುದು ಆ ಪದ ಮಗುವಿನ ಬಾಯಲ್ಲಿ ಮತ್ತೆ ಇಂಗ್ಲಿಷಿಗೆ ಹಿಂದಿರುಗಿದಾಗ. ‘ನನಗೆ ಟೆನ್ಷನ್ ಆಗಿದೆ’ ಎಂಬುದು ಒಳ್ಳೆಯ ಕನ್ನಡ ವಾಕ್ಯ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಗು ‘ಐ ಆಮ್ ಟೆನ್ಷನ್’ ಎನ್ನುತ್ತದೆ. ‘ಬೋರ್ ಆಗುತ್ತಿದೆ’ ಎಂಬುದು ‘ಐ ಆಮ್ ಬೋರಿಂಗ್’ ಆಗಿ, ನನಗೆ ಬೇಸರವಾಗಿದೆ ಎನ್ನುವ ಬದಲು ಇತರರಿಗೆ ಬೇಸರ ತರಿಸುವವನು ನಾನು ಎಂಬ ಅರ್ಥ ಕೊಡುತ್ತದೆ. ‘ಪ್ರೋಗ್ರಾಂ ಕ್ಯಾನ್ಸಲ್ ಆಯಿತು’ ಎಂಬಲ್ಲಿ ಆಗು ಎಂಬುದು ಕರ್ಮಣಿಯ ಕೆಲಸವನ್ನೂ ಮುಗಿಸಿದೆ. ಇಂಗ್ಲಿಷಿನಲ್ಲಿ ‘ವಾಸ್’ ಬೇಕು. ಮಗು ಅದನ್ನು ಬಿಟ್ಟು ‘ದ ಪ್ರೋಗ್ರಾಂ ಕ್ಯಾನ್ಸಲ್ಡ್’ ಎನ್ನುತ್ತದೆ. ಇವೆಲ್ಲ ಅಜಾಗರೂಕತೆಯ ತಪ್ಪುಗಳಲ್ಲ. ಕನ್ನಡದ ಮಾಡು, ಆಗುಗಳ ನೆರಳಿನಲ್ಲಿ ಇಂಗ್ಲಿಷ್ ಪದಗಳ ವರ್ಗ ಅಳಿಸಿಹೋದ ಫಲ.

ಇದರ ಒಂದು ರೂಪ ವಿದ್ಯಾವಂತರನ್ನೂ ಬಿಟ್ಟಿಲ್ಲ. ‘ಡಿಸ್ಕಸ್ ಅಬೌಟ್’ ಎಂಬ ಬಳಕೆಯನ್ನು ತೆಗೆದುಕೊಳ್ಳಿ. ಕಚೇರಿಯ ಟಿಪ್ಪಣಿಗಳಲ್ಲಿ, ಸಭೆಯ ನಡಾವಳಿಗಳಲ್ಲಿ ಇದು ಎಷ್ಟು ಸಹಜವಾಗಿದೆ! ಇಂಗ್ಲಿಷಿನ ನಿಯಮ ಸರಳವಾಗಿದೆ. ಡಿಸ್ಕಷನ್ ನಾಮಪದ, ಅದಕ್ಕೆ ತನ್ನ ವಿಷಯವನ್ನು ಸೇರಿಸಿಕೊಳ್ಳಲು ನಡುವೆ ‘ಅಬೌಟ್’ ಬೇಕು. ಡಿಸ್ಕಸ್ ಸಕರ್ಮಕ ಕ್ರಿಯೆ, ಅದು ತನ್ನ ಕರ್ಮವನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ನಡುವೆ ಯಾರೂ ಬೇಡ. ರಿಕ್ವೆಸ್ಟ್ ಕೂಡ ಹೀಗೇ. ‘ಎ ರಿಕ್ವೆಸ್ಟ್ ಫಾರ್ ಲೀವ್’ ಸರಿ, ‘ಐ ರಿಕ್ವೆಸ್ಟ್ ಫಾರ್ ಲೀವ್’ ತಪ್ಪು. ‘ಲೇ ಸ್ಟ್ರೆಸ್ ಆನ್’ ಸರಿ, ‘ಸ್ಟ್ರೆಸ್ ಆನ್’ ಎಂದು ಕ್ರಿಯೆಯಾಗಿ ಬಳಸಿದರೆ ‘ಆನ್’ ಹೆಚ್ಚಾಯಿತು. ಪದ ಒಂದೇ ರೂಪದಲ್ಲಿ ಎರಡು ವರ್ಗಗಳಲ್ಲಿ ಇದ್ದಾಗ ಒಂದರ ಸಂಗಾತಿ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಕನ್ನಡದಲ್ಲಿ ‘ಅದರ ಕುರಿತು ಚರ್ಚಿಸಿದೆವು’, ‘ರಜೆಗಾಗಿ ವಿನಂತಿಸಿದೆ’ ಎನ್ನುವುದು ಸಹಜವಾದ್ದರಿಂದ ಈ ಅಂಟು ಇನ್ನಷ್ಟು ಗಟ್ಟಿಯಾಗುತ್ತದೆ. ಈ ಒಂದು ಸಂಗತಿಯನ್ನು, ನಾಮಕ್ಕೆ ಪ್ರಿಪೊಸಿಷನ್, ಕ್ರಿಯೆಗೆ ನೇರ ಕರ್ಮ ಎಂಬುದನ್ನು, ಹತ್ತು ಪದಗಳಲ್ಲಿ ಚೆನ್ನಾಗಿ ಅಭ್ಯಾಸ ಮಾಡಿಸಿದರೆ ನೂರು ತಪ್ಪುಗಳು ಕಡಿಮೆಯಾಗುತ್ತವೆ.

ಭಾರತದ ಇಂಗ್ಲಿಷಿನಲ್ಲಿ ಹುಟ್ಟಿದ ‘ಅಪ್‌ಡೇಷನ್’ ಎಂಬ ಪದವೂ ಇದೇ ಕಥೆ ಹೇಳುತ್ತದೆ. ಅಪ್‌ಡೇಟ್ ಎಂಬುದೇ ನಾಮಪದವಾಗಿಯೂ ಕೆಲಸ ಮಾಡುತ್ತದೆ. ಆದರೂ ಪ್ರತ್ಯಯದ ಭಾಷೆಗಳಲ್ಲಿ ಬೆಳೆದ ನಮಗೆ, ನಾಮಪದವೆಂದ ಮೇಲೆ ಅದಕ್ಕೊಂದು ಗುರುತು ಇರಲೇಬೇಕು ಅನ್ನಿಸುತ್ತದೆ. ನಾವು ‘ಷನ್’ ಹಚ್ಚುತ್ತೇವೆ.

ಕೊನೆಯ ಭಾಗಕ್ಕೆ ಬಂದಿದ್ದೇನೆ. ತರಗತಿಯಲ್ಲಿ ಏನು ಮಾಡೋಣ?

ಮೊದಲಿಗೆ ನೋಟ್‌ಬುಕ್ಕಿನ ಬಲಗಡೆಯ ಸಾಲನ್ನು ಸರಿಪಡಿಸೋಣ. ಸಕ್ಸಸ್ ಎಂದರೆ ಯಶಸ್ಸು. ಸಕ್ಸೀಡ್ ಎಂದರೆ ಯಶಸ್ವಿಯಾಗು. ಸಕ್ಸಸ್‌ಫುಲ್ ಎಂದರೆ ಯಶಸ್ವಿಯಾದ. ಸಕ್ಸಸ್‌ಫುಲಿ ಎಂದರೆ ಯಶಸ್ವಿಯಾಗಿ. ಡಿಸೈಡ್ ನಿರ್ಧರಿಸು, ಡಿಸಿಷನ್ ನಿರ್ಧಾರ, ಡಿಸೈಸಿವ್ ನಿರ್ಣಾಯಕ. ಕನ್ನಡದಲ್ಲಿ ಈ ಭೇದಗಳು ಎಷ್ಟು ಸ್ವಚ್ಛವಾಗಿವೆ ನೋಡಿ. ಕ್ರಿಯಾಪದಕ್ಕೆ ಕ್ರಿಯಾಪದದಲ್ಲೇ, ನಾಮಪದಕ್ಕೆ ನಾಮಪದದಲ್ಲೇ ಅರ್ಥ ಬರೆಯಿಸಿದರೆ, ಪದವರ್ಗ ಎಂಬ ಮಾತನ್ನೇ ಎತ್ತದೆ ಪದವರ್ಗವನ್ನು ಕಲಿಸಿದಂತಾಯಿತು. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಮಾತಾಡಬಾರದು ಎಂಬ ನಿಲುವನ್ನು ನಾನು ಒಪ್ಪುವುದಿಲ್ಲ. ಮಗುವಿಗೆ ಗೊತ್ತಿರುವ ಒಂದು ವ್ಯಾಕರಣವನ್ನು ಬಾಗಿಲ ಹೊರಗೆ ನಿಲ್ಲಿಸಿ, ಗೊತ್ತಿಲ್ಲದ ವ್ಯಾಕರಣವನ್ನು ಕಲಿಸಲು ಹೊರಡುವುದು ಮಗುವಿಗೂ ಶಿಕ್ಷೆ, ಶಿಕ್ಷಕರಿಗೂ ಶಿಕ್ಷೆ.

ನಿಘಂಟನ್ನು ಓದುವುದನ್ನೂ ಕಲಿಸಬೇಕು. ಪದದ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ನಾಮ, ಕ್ರಿಯೆ, ಗುಣವಾಚಕ ಎಂದು ಸೂಚಿಸುವ ಸಂಕ್ಷೇಪಗಳಿರುತ್ತವೆ. ಮಕ್ಕಳ ಕಣ್ಣು ಅದನ್ನು ಹಾರಿ ನೇರ ಅರ್ಥಕ್ಕೆ ಹೋಗುತ್ತದೆ. ಒಂದು ಪೀರಿಯಡ್ ಪೂರ್ತಿ ರೌಂಡ್ ಎಂಬ ಒಂದೇ ನಮೂದಿಗೆ ಮೀಸಲಿಟ್ಟು ನೋಡಿ. ರೌಂಡ್ ಟೇಬಲ್ ಎಂಬಲ್ಲಿ ಅದು ಗುಣವಾಚಕ. ಡಾಕ್ಟರು ರೌಂಡ್ಸ್‌ಗೆ ಬಂದರು ಎಂದು ನಾವೇ ಹೇಳುವಾಗ ನಾಮ. ವಾಹನ ಮೂಲೆಯನ್ನು ರೌಂಡ್ ಮಾಡಿ ತಿರುಗಿತು ಎಂಬರ್ಥದಲ್ಲಿ ‘ರೌಂಡೆಡ್ ದ ಕಾರ್ನರ್’ ಎಂದರೆ ಕ್ರಿಯೆ. ‘ಟರ್ನ್ ರೌಂಡ್’ ಎಂದರೆ ಅಡ್ವರ್ಬ್. ‘ರೌಂಡ್ ದ ಟ್ರೀ’ ಎಂದರೆ ಪ್ರಿಪೊಸಿಷನ್. ಒಂದು ಪದ, ಐದು ಕೆಲಸ. ನೂರು ಹೊಸ ಪದಗಳ ಪಟ್ಟಿಗಿಂತ ಈ ಒಂದು ಗಂಟೆ ಹೆಚ್ಚು ಕಲಿಸುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಎಚ್ಚರಿಕೆಯೂ ಬೇಕು. ಪದಕುಟುಂಬದ ಕೋಷ್ಟಕ ಕೊಟ್ಟು ನಾಲ್ಕೂ ಮನೆಗಳನ್ನು ತುಂಬಲೇಬೇಕೆಂದು ಮಕ್ಕಳನ್ನು ಒತ್ತಾಯಿಸಬಾರದು. ಎಲ್ಲ ಪದಗಳಿಗೂ ನಾಲ್ಕು ರೂಪಗಳಿರುವುದಿಲ್ಲ. ಇಲ್ಲದ ರೂಪವನ್ನು ಹುಟ್ಟಿಸಿ ತುಂಬುವ ಅಭ್ಯಾಸ ಕೋಷ್ಟಕದಿಂದಲೇ ಬರುತ್ತದೆ. ಪ್ರತಿ ರೂಪವೂ ಒಂದು ವಾಕ್ಯದೊಂದಿಗೆ ಬರಬೇಕು. ಆ ವಾಕ್ಯ ಮಗುವಿನ ಮನೆ, ಹೊಲ, ಅಂಗಡಿ, ಆಟದ ಬಯಲಿನದಾಗಿರಬೇಕು.

ಈ ಸಭೆಯಲ್ಲಿ ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರಿದ್ದೀರಿ, ಪಠ್ಯಪುಸ್ತಕ ರಚನೆಯಲ್ಲಿ ಕೈ ಇರುವವರಿದ್ದೀರಿ. ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಪಾಠದ ಕೊನೆಯ ಪದಪಟ್ಟಿಯಲ್ಲಿ ಪ್ರತಿ ಪದದ ಮುಂದೆ ಅದರ ವರ್ಗವನ್ನು ಅಚ್ಚು ಹಾಕಿಸಿ, ಅದೇ ವರ್ಗದ ಕನ್ನಡ ಪದದಲ್ಲಿ ಅರ್ಥ ಕೊಡಿ. ಪರೀಕ್ಷೆಯಲ್ಲಿ ‘ಅರ್ಥ ಬರೆಯಿರಿ’ ಎಂಬ ಪ್ರಶ್ನೆಯ ಜೊತೆಗೆ, ಒಂದೇ ಪದವನ್ನು ನಾಮವಾಗಿ ಒಮ್ಮೆ, ಕ್ರಿಯೆಯಾಗಿ ಒಮ್ಮೆ ಬಳಸಿ ಎರಡು ವಾಕ್ಯ ಬರೆಯಿರಿ ಎಂಬ ಪ್ರಶ್ನೆಯನ್ನೂ ಕೇಳಿ. ಪರೀಕ್ಷೆಯಲ್ಲಿ ಬಂದದ್ದು ತರಗತಿಗೂ ಬರುತ್ತದೆ. ವಿದ್ಯಾರ್ಥಿ ಮಿತ್ರರೆ, ನೀವು ಪುಸ್ತಕ ಬದಲಾಗುವವರೆಗೆ ಕಾಯಬೇಡಿ. ನಿಮ್ಮ ಅಭ್ಯಾಸ ಬೋಧನೆಯ ಮೊದಲ ಪಾಠದಲ್ಲೇ ಮಕ್ಕಳ ನೋಟ್‌ಬುಕ್ ತೆರೆಸಿ, ಬಲಗಡೆಯ ಸಾಲನ್ನು ಅವರ ಜೊತೆ ಕೂತು ತಿದ್ದಿ.